ಜಗಲಿಯ ಹಲಗೆಯಡಿಯ ವರ್ತಮಾನಪತ್ರ

ವಳಸಂಗದ ಶ್ರೀಶೈಲಪ್ಪನವರ ಮನೆಯಲ್ಲಿ ಆ ಭಾನುವಾರ ಹೊತ್ತು ನೆತ್ತಿಗೇರಿದರೂ ಯಾರೂ ಉಂಡಿರಲಿಲ್ಲ. ಎಂಬತ್ತು ದಾಟಿದ ತಾಯಿ ಮಲಕವ್ವ ಇಷ್ಟಲಿಂಗದ ಪೂಜೆ ಮುಗಿಯದೆ ಹನಿ ನೀರನ್ನೂ ಮುಟ್ಟುವವರಲ್ಲ. ತಾಯಿ ಉಪವಾಸವಿರುವಾಗ ಮಗ ತಟ್ಟೆಯ ಮುಂದೆ ಕೂರುವವರಲ್ಲ. ಸೊಸೆ ಅನುರಾಧಾ ಅಡುಗೆಮನೆಯಲ್ಲಿ ಮರೆಯಾಗಿ ಒಂದು ಬಾಳೆಹಣ್ಣು ತಿಂದಿದ್ದಳು, ಅದನ್ನು ಊಟವೆನ್ನಲಾಗದು.

ಬೆಳಗ್ಗೆ ದೇವರ ಜಗಲಿಯ ಹಲಗೆಗೆ ಗೆದ್ದಲು ಹತ್ತಿರುವುದು ಕಂಡಿತ್ತು. ಶ್ರಾವಣಕ್ಕೆ ಮುಂಚೆ ಅದನ್ನು ಬದಲಿಸಬೇಕೆಂದು ಶ್ರೀಶೈಲಪ್ಪ ಎತ್ತಿ ನೋಡಿದಾಗ ಕೆಳಗೆ ಇಂಗ್ಲಿಷ್ ವರ್ತಮಾನಪತ್ರದ ಹಾಳೆಯೊಂದು ಹಾಸಿತ್ತು. ಮಲಕವ್ವನ ಮಾವ ಕಿರಾಣಿ ಅಂಗಡಿ ಇಟ್ಟವರು. ಆ ಕಾಲದಲ್ಲಿ ಪೊಟ್ಟಣ ಕಟ್ಟಲು ವಿಲಾಯತಿಯ ರದ್ದಿ ಸೊಲ್ಲಾಪುರದಿಂದ ಗಂಟುಗಂಟಾಗಿ ಬರುತ್ತಿತ್ತು. ಅದರಲ್ಲಿ ಒಂದು ಹಾಳೆಯನ್ನು ಯಾರೋ ಜಗಲಿಗೆ ಹಾಸಿದ್ದರು. ಮಲಕವ್ವ ಕನ್ನಡಕ ಹಾಕಿಕೊಂಡು ಬಾಗಿ ನೋಡಿದರು. ಹಾಳೆಯ ಮೂಲೆಯಲ್ಲಿ ತಲೆಗೆ ಟೊಪ್ಪಿಗೆಯಿಟ್ಟು, ಕೈಯಲ್ಲಿ ಕೋಲು ಹಿಡಿದ ಹಂದಿಯೊಂದು ನಗುತ್ತ ನಿಂತಿತ್ತು.

ಆ ಹಂದಿಯ ಮೇಲಿನ ಹಲಗೆಯಲ್ಲಿಯೇ ಗುರುಪಾದುಕೆಗಳೂ ವಿಭೂತಿಗಟ್ಟಿಯೂ ಇದ್ದದ್ದು. ಮದುವೆಯಾಗಿ ಬಂದ ದಿನದಿಂದ ಮಲಕವ್ವ ಪ್ರತಿ ಪ್ರಾತಃಕಾಲ ಆ ವಿಭೂತಿಯನ್ನು ತೆಗೆದು ಹಣೆಗೆ ಧರಿಸಿ, ಲಿಂಗವನ್ನು ಕರಸ್ಥಲದಲ್ಲಿ ಇಟ್ಟುಕೊಂಡು ಕೂತವರು. ಅಂದು ಅವರ ಕೈ ಗಟ್ಟಿಯ ತನಕ ಹೋಗಿ ಹಿಂದಕ್ಕೆ ಬಂತು. ಪೂಜೆ ಅಲ್ಲಿಗೇ ನಿಂತಿತು.

ಶ್ರೀಶೈಲಪ್ಪನವರು ಆಗಮಗಳನ್ನೂ ಹಳಗನ್ನಡ ಕಾವ್ಯಗಳನ್ನೂ ಗುರುಮುಖದಿಂದ ಕಲಿತವರು. ವರ್ಷವರ್ಷವೂ ಮಠದಲ್ಲಿ ಪುರಾಣ ಹೇಳುವವರು. ಲಿಂಗವನ್ನು ಧರಿಸಿದವರಿಗೆ ಸೂತಕಗಳಿಲ್ಲವೆಂದೂ, ವಿಭೂತಿ ತಾನು ಮುಟ್ಟಿದ್ದನ್ನು ಪಾವನ ಮಾಡುವುದೇ ಹೊರತು ಮುಟ್ಟಿದ್ದರಿಂದ ಮಲಿನವಾಗದೆಂದೂ ಅವರು ತಾಯಿಗೆ ಪ್ರಮಾಣಸಹಿತ ವಿವರಿಸಿದರು. ಮಲಕವ್ವ ಕೊನೆಯ ತನಕ ಕೇಳಿದರು.

“ನೀ ಹೇಳೂದು ಖರೇನ ಇರಬೇಕು ತಮ್ಮಾ. ಆದ್ರ ಶಾಸ್ತ್ರದಾಗ ಐತಂತ ಹೇಳಾಕತ್ತೀಯೋ, ಅವ್ವ ಉಪಾಸ ಕುಂತಾಳಂತ ಹೇಳಾಕತ್ತೀಯೋ, ನನಗ ಹೆಂಗ ತಿಳೀಬೇಕು?”

ಎರಡರಲ್ಲಿ ಯಾವುದೆಂದು ಶ್ರೀಶೈಲಪ್ಪನವರಿಗೇ ಆಗ ಖಚಿತವಿರಲಿಲ್ಲ.

ಮಠದಿಂದ ಬೇರೆ ಗಟ್ಟಿ ತರಿಸೋಣವೆಂದು ಅನುರಾಧಾ ಸೂಚಿಸಿದಳು. ಮಲಕವ್ವ ಸೊಸೆಯ ಮುಖವನ್ನೇ ನೋಡಿದರು. “ಹೊಸಾ ಈಬತ್ತಿ ತರಬಹುದು. ನಾ ಇಷ್ಟು ವರ್ಷ ಮಾಡಿದ ಪೂಜಿ ಎಲ್ಲಿಂದ ತರ್ತಿ?”

ಮಲಕವ್ವ ಉಂಡ ಬಳಿಕ ನುಂಗಬೇಕಾದ ಸಕ್ಕರೆ ಕಾಯಿಲೆಯ ಗುಳಿಗೆ ಕಟ್ಟೆಯ ಮೇಲೆ ಹಾಗೆಯೇ ಇತ್ತು. ಕಡೆಗೆ ಮಲಕವ್ವನೇ, ಆ ಹಾಳೆಯಲ್ಲಿ ಏನು ಬರೆದಿದೆಯೋ ಮೊದಲು ತಿಳಿಸಿರಿ, ಆಮೇಲೆ ನೋಡೋಣ ಎಂದರು.

ಹಿಂದಿನ ಓಣಿಯ ವಿದ್ಯಾವತಿ ಜತ್ತದ ಸಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುವವಳು. ಅವಳನ್ನು ಕರೆಸಿದರು. ಬಾಗಿಲಲ್ಲಿಯೇ ಅನುರಾಧಾ ಅವಳ ಮೊಣಕೈ ಹಿಡಿದು, ಅದು ಮಕ್ಕಳ ಕಥೆಯ ಚಿತ್ರವೆಂದು ಹೇಳಿಬಿಡು ಎಂದು ಪಿಸುಗುಟ್ಟಿದಳು. ವಿದ್ಯಾವತಿ ಶ್ರೀಶೈಲಪ್ಪನವರತ್ತ ನೋಡಿದಳು. ಪಿಸುಮಾತು ಕೇಳಿಸಿದ್ದ ಅವರ ಮನಸ್ಸೂ ಒಂದು ಗಳಿಗೆ ಅದನ್ನೇ ಬಯಸಿತು. ಆದರೂ, “ಇದ್ದದ್ದು ಇದ್ದಂಗ ಓದವ್ವಾ,” ಎಂದರು.

ಅವಳು ಇದ್ದದ್ದನ್ನೇ ಓದಿದಳು. ಹಂದಿಯ ಚಿತ್ರ ಒಂದು ಜಾಹೀರಾತು; ಉಪ್ಪು ಹಚ್ಚಿದ ಅದರ ಮಾಂಸವನ್ನು ಟಪಾಲಿನಲ್ಲಿ ಕಳಿಸಿಕೊಡುವುದಾಗಿ ಬರೆದಿತ್ತು. ಮಲಕವ್ವ ಕಣ್ಣು ಮುಚ್ಚಿದರು. ವಿದ್ಯಾವತಿ ಗಾಬರಿಯಿಂದ ಪಕ್ಕದ ಅಂಕಣಕ್ಕೆ ಹಾರಿದಳು. ಅದು ಸಾವಿರದ ಒಂಬೈನೂರ ಒಂಬತ್ತನೆಯ ಇಸವಿಯ ಪತ್ರಿಕೆ. ಊರಿನ ಹೆಸರು ಹರಿದುಹೋಗಿತ್ತು. ಆ ಅಂಕಣ ಓದುಗರು ತಮ್ಮ ಅಭಿಪ್ರಾಯ ಬರೆದು ಕಳಿಸುವ ಜಾಗ.

ಒಬ್ಬಾತ ಮೋಟಾರುಗಾಡಿಗಳ ಮೇಲೆ ಹರಿಹಾಯ್ದಿದ್ದ. ಅವು ಎಬ್ಬಿಸುವ ಧೂಳು ಒಣಹಾಕಿದ ಬಟ್ಟೆಗಳ ಮೇಲೆಲ್ಲ ಕೂರುವುದರಿಂದ, ಮನುಷ್ಯ ನಡೆಯುವುದಕ್ಕಿಂತ ವೇಗವಾಗಿ ಓಡಿಸಬಾರದೆಂದು ಕಾಯಿದೆಯಾಗಬೇಕಂತೆ. ಮಲಕವ್ವ ಮುಚ್ಚಿದ ಕಣ್ಣನ್ನು ತೆರೆಯದೆಯೇ, ಇದನ್ನು ನಮ್ಮ ಟೆಂಪೋದವರಿಗೆ ಓದಿ ಹೇಳಬೇಕು ಎಂದರು.

ಮುಂದಿನದು ಮನೆಯೊಡತಿಯೊಬ್ಬಳ ದೂರು. ಕೆಲಸದ ಹುಡುಗಿ ವಾರಕ್ಕೆ ಅರ್ಧ ದಿನ ರಜೆ ಕೇಳುತ್ತಾಳೆ, ಒಡತಿಗಿಂತ ಚೆಂದದ ಟೊಪ್ಪಿಗೆ ಹಾಕುತ್ತಾಳೆ. ಮಲಕವ್ವ ಕಣ್ಣು ತೆರೆದರು. “ಆ ಹುಡುಗಿ ಅರ್ಧಾ ದಿನಾ ಮನಿಗಿ ಹೋದ್ರ ಇಕಿ ಗಂಟೇನ ಹೋಗತೈತಿ?” ಎಂದು ಕೇಳಿ, ಒಡತಿಗೆ ಯಾರಾದರೂ ಬುದ್ಧಿ ಹೇಳಿದರೇ ಎಂದು ವಿಚಾರಿಸಿದರು. ಒಡತಿ ಇದನ್ನೇ ಹಿಂದಿನ ವಾರವೂ ಬರೆದಿದ್ದಳಂತೆ; ಕೆಳಗೆ ಮತ್ತೊಬ್ಬ ಹೆಂಗಸು ಅದಕ್ಕೆ ಚೆನ್ನಾಗಿಯೇ ಹೇಳಿದ್ದಳು. ಮಲಕವ್ವನಿಗೆ ಸಮಾಧಾನವಾಯಿತು.

ಇನ್ನೊಬ್ಬ ಮಹಾಶಯ ಹೆಂಗಸರಿಗೆ ಮತದ ಹಕ್ಕು ಕೊಡಲೇಬಾರದೆಂದು ವಾದಿಸಿದ್ದ. ಕೊಟ್ಟರೆ ಗಂಡಸರ ರಾತ್ರಿಯ ಊಟ ಹೊತ್ತಿಗೆ ಸರಿಯಾಗಿ ಸಿಗದೆಂಬುದು ಅವನ ಭಯ.

“ನಾ ಎಲ್ಲಾ ಇಲೆಕ್ಷನ್ನಿಗೂ ವೋಟ ಹಾಕೀನಿ,” ಎಂದರು ಮಲಕವ್ವ. “ಈ ಮನ್ಯಾಗ ರೊಟ್ಟಿ ಎಂದರ ತಡಾ ಆಗೇತೇನು?”

“ಇವತ್ತ ಆಗೇತಲ್ರಿ ಅತ್ತಿ,” ಎಂದಳು ಅನುರಾಧಾ.

ಮಲಕವ್ವ ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಮುಂದೆ ಓದೆಂದು ಕೈಸನ್ನೆ ಮಾಡಿದರು.

ಕೊನೆಯ ಪತ್ರ ಒಬ್ಬ ವಿಧವೆಯದು. ವಿದ್ಯಾವತಿ ಅದನ್ನು ನಿಧಾನವಾಗಿ ಕನ್ನಡಕ್ಕೆ ತಿರುಗಿಸುತ್ತ ಹೋದಳು. ಆಕೆ ತಪ್ಪದೆ ವಾರವಾರ ಪ್ರಾರ್ಥನೆಗೆ ಹೋಗುವವಳು. ಮುಂದಿನ ಸಾಲಿನಲ್ಲಿ ಕೂರುವ ಒಬ್ಬ ಶ್ರೀಮಂತೆ ತನ್ನ ನಾಯಿಯನ್ನು ಮಡಿಲಲ್ಲಿಟ್ಟುಕೊಂಡು ಬರುತ್ತಾಳೆ. ಅದು ಗೊರಕೆ ಹೊಡೆಯುತ್ತದೆ, ಮೈ ಕೆರೆದುಕೊಳ್ಳುತ್ತದೆ. ವಿಧವೆ ಕಣ್ಣು ಮುಚ್ಚಿದರೂ ಮನಸ್ಸು ನಾಯಿಯ ಮೇಲೆಯೇ. ಹೀಗೆ ಅದೆಷ್ಟೋ ವರ್ಷ ಕಳೆದಿವೆ. ನಾಯಿಯಿದ್ದ ಮಂದಿರದಲ್ಲಿ ತಾನು ಮಾಡಿದ ಪ್ರಾರ್ಥನೆಗಳು ದೇವರಿಗೆ ಮುಟ್ಟಿರಬಹುದೇ, ಬಲ್ಲವರು ಯಾರಾದರೂ ತಿಳಿಸುವಿರಾ ಎಂದು ಆಕೆ ಓದುಗರನ್ನು ಕೇಳಿದ್ದಳು.

“ಏನ ಹೇಳಿದ್ರು ಆಕಿಗಿ?”

ವಿದ್ಯಾವತಿ ಹಾಳೆ ತಿರುಗಿಸಿದಳು. ಪತ್ರ ಅಲ್ಲಿಗೆ ಮುಗಿದಿತ್ತು. ಉತ್ತರ ಬಂದಿದ್ದರೆ ಮರುವಾರದ ಪತ್ರಿಕೆಯಲ್ಲಿ ಬಂದಿರಬೇಕು. ಅದು ಯಾವ ಅಂಗಡಿಯ ಬೆಲ್ಲದ ಪೊಟ್ಟಣವಾಯಿತೋ ಬಲ್ಲವರಿಲ್ಲ.

ಮಲಕವ್ವನಿಗೆ ನಿಜಕ್ಕೂ ಸಂಕಟವಾಯಿತು. “ಯಾರೂ ಹೇಳಲಿಲ್ಲೇನು? ಪಾಪ, ಹಂಗ ಸತ್ತಾಳೋ ಏನೋ. ಹೇಳಾಕ ಏನ ದೊಡ್ಡ ಶಾಸ್ತ್ರ ಬೇಕು ತಂಗಿ? ಆಕಿ ಕೈ ಮುಗದದ್ದು ದೇವರಿಗಿ. ನಾಯಿ ಬಂತಂತ ದೇವರು ಎದ್ದು ಹೋಗ್ತಾನೇನು?”

ಶ್ರೀಶೈಲಪ್ಪನವರು ತುಟಿಯ ತನಕ ಬಂದ ಶ್ಲೋಕವೊಂದನ್ನು ನುಂಗಿಕೊಂಡರು. ಅನುರಾಧಾ ಏನೋ ಹೇಳಹೊರಟಳು; ಪತಿಯ ಕಣ್ಣು ಅವಳನ್ನು ತಡೆಯಿತು.

ಮಲಕವ್ವ ಜಗಲಿಯ ಕಡೆ ನೋಡಿದರು. ಮೊದಲು ಭುಜ ಅಲುಗಿತು. ಅಳುತ್ತಿದ್ದಾರೆಂದು ಮಗ ಎದ್ದರು. ಮುದುಕಿ ನಗುತ್ತಿದ್ದರು, ಸೆರಗನ್ನು ಬಾಯಿಗೆ ಒತ್ತಿಕೊಂಡು.

“ಆಕಿಗಿ ನಾ ಹೇಳಾಕ ಹೋಗೀನಿ ನೋಡು,” ಎಂದು ಕಣ್ಣೊರಸಿಕೊಂಡರು. “ಏ ಶ್ರೀಶೈಲಾ, ಆ ಈಬತ್ತಿ ಗಟ್ಟಿ ಇತ್ತ ಕೊಡು.”

“ಹೊಸಾದು ತರಿಸಲೇನವ್ವಾ?”

“ಯಾಕ? ಅದಕ್ಕೇನಾಗೇತಿ?”

ಶ್ರೀಶೈಲಪ್ಪನವರು ಗಟ್ಟಿಯನ್ನು ಎರಡೂ ಕೈಗಳಲ್ಲಿ ಹಿಡಿದು ತಾಯಿಯ ಮುಂದೆ ಇಟ್ಟರು. ಮಲಕವ್ವ ಮೂರು ಬೆರಳು ಒದ್ದೆ ಮಾಡಿಕೊಂಡು ಹಣೆಗೆ ವಿಭೂತಿ ಧರಿಸಿದರು, ಲಿಂಗವನ್ನು ಅಂಗೈಗೆ ತೆಗೆದುಕೊಂಡರು. ಎಂದಿನ ಮಂತ್ರ, ಎಂದಿನ ನಿಧಾನ. ಹೊತ್ತು ಮೀರಿತೆಂದು ಒಂದಕ್ಷರವನ್ನೂ ಅವಸರದಿಂದ ಅನ್ನಲಿಲ್ಲ. ವಿದ್ಯಾವತಿ ಹೋಗಲು ಎದ್ದವಳು ಹಾಗೆಯೇ ಕೈಮುಗಿದು ನಿಂತಳು.

ಪೂಜೆ ಮುಗಿದ ಮೇಲೆ ಅನುರಾಧಾ ತಂಬಿಗೆ ಕೊಟ್ಟಳು. ಮಲಕವ್ವ ತಲೆಯೆತ್ತಿ ನೀರು ಕುಡಿದರು. ಗಂಟಲಲ್ಲಿ ಅದು ಇಳಿಯುವ ಸದ್ದು ಶ್ರೀಶೈಲಪ್ಪನವರಿಗೆ ಸ್ಪಷ್ಟವಾಗಿ ಕೇಳಿಸಿತು. ಅವರು ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆಯೇ ಕುಳಿತುಬಿಟ್ಟರು. ತಮಗೂ ಹಸಿವಾಗಿದೆಯೆಂಬುದು ಆಗಲೇ ಅವರಿಗೆ ತಿಳಿದದ್ದು.