ಸಿವ್ಕೊ ಬಾಗಿಲಲ್ಲಿ ಶುಕ್ರವಾರ

ಮಕ್ಕಳು ತಿಂದು ಉಳಿಸಿದ ಮ್ಯಾಕರೋನಿಯನ್ನು ವರ್ನಾ ತಟ್ಟೆಗಳಿಂದ ಕೆರೆದು ಕಸದ ಡಬ್ಬಕ್ಕೆ ಹಾಕುತ್ತಿದ್ದಾಗ, ಶಾಲೆಯ ಅಡುಗೆಮನೆಯಲ್ಲಿ ಜೊತೆಗಿದ್ದ ಇರ್ಮಾ ಸುದ್ದಿ ತಂದಳು. ಸಿವ್ಕೊ ಅಂಗಡಿ ಮುಚ್ಚುತ್ತಿದೆಯಂತೆ. ನಾಳೆ ಶನಿವಾರದಿಂದ ಎಲ್ಲಕ್ಕೂ ಅರ್ಧ ಬೆಲೆ, ಬಾಗಿಲಲ್ಲಿ ಸದಸ್ಯತ್ವದ ಕಾರ್ಡು ಕೇಳುವುದಿಲ್ಲ, ಯಾರು ಬೇಕಾದರೂ ಒಳಗೆ ಹೋಗಬಹುದು. ಬೆಳಿಗ್ಗೆ ಏಳಕ್ಕೇ ಸಾಲು ನಿಲ್ಲೋಣ ಎಂದಳು. ವರ್ನಾ ಹೂಂಗುಟ್ಟಿದಳು.

ಐವತ್ತು ವರ್ಷದ ಹಿಂದೆ ಕೆಲವು ಅಂಚೆಯವರು ತಲೆಗೆ ಎರಡು ಡಾಲರ್ ಹಾಕಿ ಗೋದಾಮೊಂದರಲ್ಲಿ ಶುರುಮಾಡಿದ ಅಂಗಡಿ ಅದು. ಆಮೇಲೆ ಕ್ಯಾಲಿಫೋರ್ನಿಯಾದಲ್ಲಿ ಒಂಬತ್ತು ಕಡೆ ಆಯಿತು. ಟೈರು, ಉಂಗುರ, ಕನ್ನಡಕ, ಮಾಂಸ ಎಲ್ಲ ಒಂದೇ ಸೂರಿನಡಿ. ಆದರೆ ಸರ್ಕಾರಿ ನೌಕರರಿಗೆ, ಅವರ ಮನೆಯವರಿಗೆ ಮಾತ್ರ. ವರ್ನಾಳ ಗಂಡ ಅಂಚೆಯವನು. ವಿಚ್ಛೇದನವಾದಾಗ ಅವಳು ಅವನ ಕಾರನ್ನೂ ಹೆಸರನ್ನೂ ಬಿಟ್ಟುಕೊಟ್ಟಳು, ಕಾರ್ಡನ್ನು ಕೊಡಲಿಲ್ಲ. ಹನ್ನೊಂದು ವರ್ಷ, ಪ್ರತಿ ಶುಕ್ರವಾರ ಸಂಜೆ, ಕಾರ್ಡಿನಲ್ಲಿದ್ದ ಹಾಗೆ ಮಿಸೆಸ್ ಹ್ಯಾಸ್ಕೆಲ್ ಆಗಿಯೇ ಒಳಗೆ ಹೋದಳು. ಸರ್ಕಾರಿ ಶಾಲೆಯ ಈ ಕೆಲಸ ಸಿಕ್ಕ ಮೇಲೆ ಅವಳಿಗೆ ತನ್ನದೇ ಕಾರ್ಡಿನ ಹಕ್ಕಿತ್ತು. ಕೇಳಲು ಹೋದರೆ ಹಳೆಯ ಸುಳ್ಳು ಹೊರಬೀಳುತ್ತದೆಂದು ಅಂಜಿ ಸುಮ್ಮನಿದ್ದಳು. ಇವತ್ತು ಬಿಟ್ಟರೆ ಆ ಬಾಗಿಲು ಇನ್ನು ಯಾರ ಹೆಸರನ್ನೂ ಕೇಳುವುದಿಲ್ಲ.

ಕೆಲಸ ಮುಗಿಸಿ ನೇರ ಬಸ್ಸು ಹತ್ತಿದಳು.

"ಅಂಗಡೀನೇ ಹೋಗ್ತಿದೆಯಲ್ಲಮ್ಮ," ಅಂದಳು ಸದಸ್ಯತ್ವದ ಕಿಟಕಿಯ ಹುಡುಗಿ. "ನಾಳೆ ಬನ್ನಿ, ಹಂಗೇ ಒಳಗ್ಬಿಡ್ತಾರೆ."

"ನಂಗೆ ಇವತ್ತೇ ಬೇಕು."

ಸಂಬಳದ ಚೀಟಿ ತೋರಿಸಿದಳು. ಹಳೆಯ ಕಾರ್ಡನ್ನೂ ತಾನಾಗಿ ಪಕ್ಕದಲ್ಲಿಟ್ಟಳು. ಹುಡುಗಿ ಎರಡನ್ನೂ ನೋಡಿ, ಏನೂ ಕೇಳದೆ ಹಳೆಯದನ್ನು ಕತ್ತರಿಯಿಂದ ತುಂಡು ಮಾಡಿ, ಹೊಸದೊಂದನ್ನು ಮಾಡಿಕೊಟ್ಟಳು.

ಬಾಗಿಲಲ್ಲಿ ಕಾರ್ಡು ನೋಡುವ ಮುದುಕಿ ಓಪಲ್ ಹೊಸದನ್ನು ಕೈ ಚಾಚಿ ದೂರ ಹಿಡಿದು ಓದಿದಳು.

"ವರ್ನಾ ಟಿಲ್ಮನ್. ಅಂತೂ ಹೆಸರು ಗೊತ್ತಾಯ್ತಲ್ಲೇ. ಹೊಸ ಮಿಸೆಸ್ ಹ್ಯಾಸ್ಕೆಲ್ ಶನಿವಾರ ಬರ್ತಾಳೆ, ನೀನು ಶುಕ್ರವಾರ. ಇಬ್ರೂ ಒಂದೇ ದಿನ ಬಂದು ನನ್ನ ಮುಂದೆ ನಿಲ್ಲದಿರ್ಲಪ್ಪ ಅಂತ ಇಷ್ಟು ವರ್ಷ ದೇವರನ್ನ ಬೇಡ್ಕೊಂಡೆ."

"ಗೊತ್ತಿದ್ದೂ ಬಿಟ್ರಾ?"

"ನನ್ನ ಕೆಲಸ ಕಾರ್ಡು ನೋಡೋದು, ಮದುವೆ ನೋಡೋದಲ್ಲ. ನಡಿ ಒಳಗೆ, ಟಿಲ್ಮನ್."

ವರ್ನಾಗೆ ನಗು ತಡೆಯಲಾಗಲಿಲ್ಲ. ಕಪಾಟುಗಳು ಇನ್ನೂ ತುಂಬಿದ್ದವು. ಸಾಲು ಸಾಲಾಗಿ ಆರಾಮವಾಗಿ ಸುತ್ತಾಡಿ, ನೀಲಿ ಮುಚ್ಚಳದ ಒಂದು ಪಾತ್ರೆ ಆರಿಸಿ, ಪೂರ್ತಿ ಬೆಲೆ ಕೊಟ್ಟು ತಂದಳು.

ಬಸ್ಸಿಗೆ ಕಾಯುತ್ತ, ಹೆಸರು ಕೇಳದ ಆ ಬಾಗಿಲಿಗೆ ನಾಳೆ ತಾನು ಬರುವುದಿಲ್ಲ ಎಂದುಕೊಂಡಳು. ಇರ್ಮಾಗೆ ತಲೆನೋವು ಅಂತ ಫೋನು ಮಾಡಿದರಾಯಿತು.