ನಾವು ಅಂದ್ರೆ ಯಾರು?

ಊರಲ್ಲಿ ಎಲ್ಲಿ ಶಾಮಿಯಾನ ಹಾಕಿದರೂ ಮುಂದಿನ ಕುರ್ಚಿ ಅವನದೇ. ಅದಕ್ಕೇ ಜನ ಅವನನ್ನು ಮೀಟಿಂಗಣ್ಣ ಎನ್ನುತ್ತಿದ್ದರು. ಸಮಗ್ರ ಕೃಷಿಯ ಬಗ್ಗೆ ಅವನು ಕೇಳಿದ ಭಾಷಣಗಳನ್ನೆಲ್ಲ ಹೊಲಕ್ಕೆ ಹಾಯಿಸುವಂತಿದ್ದರೆ ಆ ಒಣನೆಲದಲ್ಲೂ ವರ್ಷಕ್ಕೆ ಮೂರು ಬೆಳೆ ಬರುತ್ತಿತ್ತು.

ಈ ಸಲ ಸರ್ಕಾರದ ಯೋಜನೆಯಲ್ಲಿ ಊರಿಗೊಂದು ಕುಟುಂಬಕ್ಕೆ ಮಾತ್ರ ಕೃಷಿಹೊಂಡ, ಆರು ಆಡು, ಕೋಳಿಗೂಡು ಕೊಡುವುದೆಂದಾಗಿತ್ತು. ಯಾರು ಸಿದ್ಧರಿದ್ದಾರೆಂದು ನೋಡಲು ಸರ್ವೆ ಮೇಡಂ ಮನೆಮನೆ ತಿರುಗುತ್ತಿದ್ದರು. ‘ನಮಗೇ ಬರೋದು’ ಎಂದು ಮೀಟಿಂಗಣ್ಣ ಆಗಲೇ ಊರೆಲ್ಲ ಡಂಗುರ ಸಾರಿದ್ದ. ನಿಜಕ್ಕೂ ಹೊಂಡ ಬೇಕಿದ್ದದ್ದು ಅವನ ಹೆಂಡತಿಗೆ. ಹಸುವಿಗೂ ಕೋಳಿಗಳಿಗೂ ಅವಳು ದೂರದ ಬಾವಿಯಿಂದ ನೀರು ಹೊರುತ್ತಿದ್ದಳು.

ಮೇಡಂ ಜಗಲಿಯ ಮೇಲೆ ಕೂತು ಫಾರಂ ತೆಗೆದರು. ಪಕ್ಕದ ಮನೆಯಲ್ಲಿದ್ದ ಅವನ ತಮ್ಮನೂ ಬಂದು ಕಂಬಕ್ಕೊರಗಿ ನಿಂತ.

“ಆಡು ಸಾಕೋಕೆ ಸಿದ್ಧ ಇದ್ದೀರಾ?”

“ಓಹೋ, ನಾವು ಯಾವತ್ತೋ ಸಿದ್ಧ!”

“ಕೋಳಿ?”

“ನಾವು ನೋಡ್ಕೋತೀವಿ.”

“ಎರೆಗೊಬ್ಬರ?”

“ಅದೇನು ಮಹಾ, ನಾವು ಮಾಡ್ತೀವಿ.”

ಮೇಡಂ ಪೆನ್ನು ಎತ್ತಿದರು. “ಅಣ್ಣ, ಇಲ್ಲಿ ‘ನಾವು’ ಅಂತ ಬರೆಯೋ ಹಾಗಿಲ್ಲ. ನಾವು ಅಂದ್ರೆ ಯಾರು? ಆಡಿಗೆ?”

“ನಮ್ಮನೆಯವಳು.”

“ಕೋಳಿಗೆ?”

“ಅವಳೇ.”

“ಗೊಬ್ಬರ, ಮೇವು?”

“ಅವಳೇ…” ದನಿ ಇಳಿಯಿತು.

“ಮತ್ತೆ ನೀವು?”

“ನಾನು ಮೇಲ್ವಿಚಾರಣೆ.”

ತಮ್ಮ ಕಿಸಕ್ಕನೆ ನಕ್ಕ. ಮೇಡಂ ನಗಲಿಲ್ಲ. “ಈಗ ಕೋಳಿ ಎಷ್ಟಿವೆ?”

“ಆರು.”

“ನಾಲ್ಕು,” ಅಂಗಳದಿಂದ ಹೆಂಡತಿಯ ದನಿ. “ಎರಡನ್ನ ಹೋದ ತಿಂಗಳು ನೀವೇ ತಿಂದ್ರಲ್ಲ.”

ಅವಳು ಕೊಡ ಇಳಿಸಿ ನಿಂತಿದ್ದಳು. ತಲೆಯ ಮೇಲಿನ ಬಟ್ಟೆಯ ಸಿಂಬಿ ಒದ್ದೆಯಾಗಿ ಹಣೆಗೆ ನೀರು ಇಳಿಯುತ್ತಿತ್ತು. ಮೀಟಿಂಗಣ್ಣನ ಕಿವಿ ಬಿಸಿಯಾಯಿತು. ಇಷ್ಟು ವರ್ಷ ಎಲ್ಲ ಮೀಟಿಂಗಿನಲ್ಲೂ ‘ನಾವು’ ಎಂದು ಎದೆಯುಬ್ಬಿಸಿ ಹೇಳಿಕೊಂಡದ್ದು ಇವಳೊಬ್ಬಳ ದುಡಿಮೆಯನ್ನು. ಅವನಿಗೆ ತಲೆಯೆತ್ತಲಾಗಲಿಲ್ಲ.

“ಅಕ್ಕ, ನೀವು ಸಿದ್ಧನಾ?” ಮೇಡಂ ಕೇಳಿದರು.

“ಹೊಂಡ ಬಂದ್ರೆ ಬಾವಿಗೆ ನಡೆಯೋದು ತಪ್ಪುತ್ತೆ. ಸಿದ್ಧ ಇಲ್ಲದೆ ಏನು? ಆದ್ರೆ ಇಷ್ಟಕ್ಕೆಲ್ಲ ಇನ್ನೆರಡು ಕೈ ಬೇಕು ಮೇಡಂ. ಎಲ್ಲಿಂದ ತರ್ಲಿ?” ಸಿಟ್ಟಿಲ್ಲದೆ, ಲೆಕ್ಕ ಹೇಳಿದ ಹಾಗೆ ಹೇಳಿದಳು. ಬೈದಿದ್ದರೇ ಅವನಿಗೆ ಎಷ್ಟೋ ವಾಸಿ ಎನಿಸುತ್ತಿತ್ತು.

“ಮನೇಲಿ ಇಬ್ಬರಾದ್ರೂ ದುಡಿಯೋರು ಇರಬೇಕು. ಇಲ್ಲದಿದ್ರೆ ಬೇರೆಯವರಿಗೆ ಹೋಗುತ್ತೆ,” ಎಂದರು ಮೇಡಂ.

“ಆಡಿಗೆ, ಮೇವಿಗೆ ನನ್ನ ಹೆಸರು ಬರ್ಕೊಳ್ಳಿ,” ಎಂದ ಮೀಟಿಂಗಣ್ಣ.

“ಅನುಭವ ಎಷ್ಟು ವರ್ಷ?”

ಹತ್ತು ಎನ್ನಲು ನಾಲಿಗೆ ತುದಿಗೆ ಬಂದಿತ್ತು. ಹೆಂಡತಿ ಅವನನ್ನೇ ನೋಡುತ್ತಿದ್ದಳು.

“ಸೊನ್ನೆ,” ಎಂದ.

ಮೇಡಂ ಹಾಗೇ ಬರೆದುಕೊಂಡರು. ಹೆಂಡತಿ ಸಿಂಬಿ ತೆಗೆದು ಅವನ ಕೈಗಿಟ್ಟಳು. “ಇನ್ನೂ ಮೂರು ಕೊಡ ಬಾಕಿ ಇದೆ. ಮೇಡಂ ಇರುವಾಗಲೇ ಒಂದು ತಂದುಬಿಡಿ.”

ಬಾವಿಗೆ ಊರ ನಡುಬೀದಿಯಲ್ಲೇ ಹೋಗಬೇಕು. ಅವನು ಕೊಡ ಎತ್ತಿಕೊಂಡ. ಆ ಸಿಂಬಿಯನ್ನು ತಲೆಯ ಮೇಲೆ ಹೇಗೆ ಇಟ್ಟುಕೊಳ್ಳಬೇಕೆಂದೂ ಅವನಿಗೆ ಗೊತ್ತಿರಲಿಲ್ಲ. ಕೇಳಲು ನಾಚಿಕೆಯಾಯಿತು. ಆದರೂ ತಮ್ಮನ ಎದುರಿಗೇ ಹೆಂಡತಿಯನ್ನು ಕೇಳಿದ.