ತಾರೀಕಿಲ್ಲದ ಸುದ್ದಿ

ನಮ್ಮ ಬೀದಿಯ ಟೈಲರಮ್ಮನಿಗೆ ಒಂದು ಕೆಟ್ಟ ಚಾಳಿ ಇತ್ತು. ಫೋನಿಗೆ ಏನು ಬಂದರೂ ಹಿಂದೆ ಮುಂದೆ ನೋಡದೆ ಊರಿಗೆಲ್ಲ ಕಳಿಸುವುದು. ಯಾರಿಗೆ ತಾನೇ ಇಲ್ಲ ಹೇಳಿ!

ಆ ಬೆಳಿಗ್ಗೆ ಬಂದದ್ದು ಪತ್ರಿಕೆಯ ತುಣುಕಿನ ಫೋಟೊ. ದಪ್ಪಕ್ಷರದ ತಲೆಬರಹ: ‘ಹಾಲು ಕುಡಿದು ಹನ್ನೊಂದು ಮಕ್ಕಳು ಅಸ್ವಸ್ಥ’. ಕೆಳಗೆ ಯಾರೋ ‘ನಮ್ಮ ಬೀದಿ ಬೂತಿನ ಹಾಲು, ಹುಷಾರ್’ ಎಂದು ಸೇರಿಸಿದ್ದರು. ಟೈಲರಮ್ಮ ತಡಮಾಡಲಿಲ್ಲ. ಒಲೆಯ ಮೇಲಿದ್ದ ಹಾಲನ್ನು ಬಚ್ಚಲಿಗೆ ಸುರಿದಳು. ಗಳಿಗೆಯೊಳಗೆ ಹನ್ನೆರಡು ಮನೆಗೆ ಫೋಟೊ ಕಳಿಸಿಯೂ ಆಯಿತು.

ಮಧ್ಯಾಹ್ನ ಮಗಳು ಕಾಲೇಜಿನಿಂದ ಬಂದಳು. ಪತ್ರಿಕೋದ್ಯಮದ ತರಗತಿಗೆ ಸೇರಿ ಮೂರು ವಾರವಾಗಿತ್ತು. ಅಂದಿನಿಂದ ಅವಳದು ಎಲ್ಲಕ್ಕೂ ಪ್ರಶ್ನೆಯೇ.

“ಅಮ್ಮಾ, ಬೂತಲ್ಲಿ ಹಾಲಿನಕ್ಕ ಯಾಕೆ ಅಳ್ತಾ ಕೂತಿದಾರೆ? ಕ್ರೇಟೆಲ್ಲ ಹಾಗೇ ಇದೆ, ಕೊಳ್ಳೋಕೆ ಒಬ್ಬರೂ ಇಲ್ಲ.”

“ಅಳ್ಲಿ ಬಿಡೇ! ನೋಡಿಲ್ಲಿ, ಪೇಪರಲ್ಲೇ ಬಂದಿದೆ.”

ಮಗಳು ಫೋಟೊ ದೊಡ್ಡದು ಮಾಡಿ ನೋಡಿದಳು. “ಯಾವೂರಲ್ಲಿ ಆಗಿದ್ದು? ಯಾವಾಗ?”

“ಇಲ್ಲೇ ಇರ್ಬೇಕು. ಮೊನ್ನೆ ಇರ್ಬೇಕು.”

“ಇರ್ಬೇಕು ಅಂತ ಬರೆದ್ರೆ ನಮ್ಮ ಮೇಷ್ಟ್ರು ಹಾಳೆ ವಾಪಸ್ ಎಸೀತಾರಮ್ಮ. ಯಾರು, ಏನು, ಎಲ್ಲಿ, ಯಾವಾಗ, ಯಾಕೆ, ಹೇಗೆ. ಇದಕ್ಕೆ ಉತ್ತರ ಇಲ್ದಿದ್ರೆ ಅದು ಸುದ್ದಿನೇ ಅಲ್ವಂತೆ.”

“ಬೆಂಕಿ ಇಲ್ದೆ ಹೊಗೆಯಾಡುತ್ತಾ? ದೊಡ್ಡ ಪಂಡಿತೆ ಬಂದ್ಲು!”

ಅಂಗಿಯ ಅಳತೆಗೆ ಮಾದರಿ ಕತ್ತರಿಸಲು ಟೈಲರಮ್ಮ ಹಳೆ ಪತ್ರಿಕೆಗಳನ್ನು ಪೇರಿಸಿಟ್ಟಿದ್ದಳು. ಮಗಳು ಒಂದನ್ನು ಎಳೆದು ಹರಡಿದಳು. “ತಲೆಬರಹ ಬಿಟ್ಟು ಅದರ ಕೆಳಗೆ ನೋಡು. ಮೊದಲು ಊರ ಹೆಸರು, ಪಕ್ಕದಲ್ಲೇ ತಾರೀಕು.”

ಅರೆ! ಇಷ್ಟು ವರ್ಷ ಈ ಹಾಳೆಗಳನ್ನು ಕತ್ತರಿಸಿದ್ದೇ ಬಂತು, ಇದನ್ನು ನೋಡಿಯೇ ಇರಲಿಲ್ಲವಲ್ಲ. ಟೈಲರಮ್ಮನಿಗೆ ಕುತೂಹಲ ಹುಟ್ಟಿತು. ಕನ್ನಡಕ ಏರಿಸಿ ಇನ್ನೊಂದು ಸುದ್ದಿ ನೋಡಿದಳು, ಮತ್ತೊಂದು ನೋಡಿದಳು. ಎಲ್ಲದಕ್ಕೂ ಊರು, ತಾರೀಕು ಇದ್ದವು. ಆಮೇಲೆ ಫೋನಿನ ತುಣುಕನ್ನು ಕಣ್ಣಿಗೆ ಹತ್ತಿರ ಹಿಡಿದಳು. ಅಲ್ಲಿ ತಲೆಬರಹದ ಕೆಳಗೆ ಊರು, ತಾರೀಕಿನ ಜಾಗವೇ ಇರಲಿಲ್ಲ, ಅಂಚು ಗೆರೆ ಎಳೆದಷ್ಟು ನೇರವಾಗಿತ್ತು.

“ಕೈ ಜಾರಿ ಹೀಗಾಗಲ್ಲ ಕಣೇ,” ಎಂದಳು ಮೆಲ್ಲಗೆ. “ಇದು ಬೇಕಂತ್ಲೇ ಕತ್ತರಿಸಿದ್ದು. ಅಕ್ಷರ ನೋಡಿದ್ರೆ ಇದೇ ಪೇಪರಿಂದು. ಈಗ ಯಾರನ್ನ ಕೇಳೋದು?”

ಮಗಳು ಕೊನೆಯ ಪುಟದ ತಳ ತೋರಿಸಿದಳು. ಇರುವೆ ಸಾಲಿನಂಥ ಅಕ್ಷರದಲ್ಲಿ ಮುದ್ರಕರು, ಸಂಪಾದಕರು, ವಿಳಾಸ, ಫೋನ್ ನಂಬರು. “ಫೋನ್ ಮಾಡಿದ್ರೆ ಬೈಯಲ್ವಾ?” ಎಂದಳು ಟೈಲರಮ್ಮ. “ಕೇಳ್ಲಿ ಅಂತಾನೇ ಹಾಕಿರೋದಮ್ಮ.”

ಫೋನ್ ಮಾಡಿದಾಗ ಪತ್ರಿಕೆಯವರು ಹುಡುಕಿ ಹೇಳಿದರು: ಸುದ್ದಿ ನಿಜ, ಆದರೆ ಐದು ವರ್ಷ ಹಳೆಯದು, ಬೇರೆ ಊರಿನದು. ಒಬ್ಬರ ಮಾತು ಸಾಲದೆಂದು ಮಗಳು ಹತ್ತಿರದ ಆಸ್ಪತ್ರೆಯ ನರ್ಸನ್ನೂ ಕೇಳಿದಳು. ಈ ಬೀದಿಯ ಯಾವ ಮಗುವೂ ಹಾಲು ಕುಡಿದು ಹುಷಾರು ತಪ್ಪಿರಲಿಲ್ಲ.

ಟೈಲರಮ್ಮನಿಗೆ ನಾಚಿಕೆಯಿಂದ ನೆಲ ಬಾಯಿಬಿಡಬಾರದೇ ಎನಿಸಿತು. ತಪ್ಪಾಯಿತೆಂದು ಬರೆದು ಕಳಿಸಿದರೆ ಇಬ್ಬರೇ ಓದಿದರು. ಸುಳ್ಳು ಕಳಿಸಲು ಒಂದು ಬೆರಳು ಸಾಕಾಗಿತ್ತು, ವಾಪಸ್ ತರಲು ಹನ್ನೆರಡು ಮನೆ ಮೆಟ್ಟಿಲು ಹತ್ತಬೇಕಾಯಿತು. ಮೂರನೇ ಮಹಡಿಯಾಕೆ ನಂಬಲೂ ಇಲ್ಲ.

ಕೊನೆಗೆ ಬೂತಿಗೆ ಹೋದಳು. “ಅಕ್ಕಾ, ಅದನ್ನ ಕಳಿಸಿದ್ದು ನಾನೇ. ತಪ್ಪಾಯ್ತು.”

ಹಾಲಿನಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಊರಿಗೆಲ್ಲ ಹೇಳಿದ್ಯಲ್ಲ ತಂಗೀ, ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತಾ? ಹತ್ತು ಹೆಜ್ಜೆ ದೂರದಲ್ಲಿದ್ದೆ.”

ಅಣ್ಣಂದಿರೇ, ಅಕ್ಕಂದಿರೇ, ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಸುದ್ದಿ ಬಂತೆಂದರೆ ಊರು ಹುಡುಕಿ, ತಾರೀಕು ಹುಡುಕಿ. ಸಿಗದಿದ್ದರೆ ಕಳಿಸಬೇಡಿ. ಅದು ಯಾರ ಮೇಲಿನ ಮಾತೋ, ಮೊದಲು ಅವರ ಬಾಗಿಲು ತಟ್ಟಿ ಕೇಳಿ.